ವೈದ್ಯಕೀಯ ಶಿಕ್ಷಣದಲ್ಲಿ ಮಾನವೀಯ ಮೌಲ್ಯ, ನೀತಿಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಠ ಮಾಡುವವರು, ವಿದ್ಯಾರ್ಥಿಗಳು, ಅವರ ಹೆತ್ತವರು, ವಿಭಾಗದ ಮುಖ್ಯಸ್ಥರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿವು. ಕೇಳಿದವರ ಮಾತಿನ ಧಾಟಿಯನ್ನು ಹಾಗೇ ಇಟ್ಟಿದ್ದೇವೆ. ಸುಲಭದವು ಮೊದಲು, ತಲೆನೋವಿನವು ಕೊನೆಗೆ.

## ಮೊದಲಿಗೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಮನೆಯಲ್ಲಿ ಕಲಿಯದ ಒಳ್ಳೆತನವನ್ನು ಕಾಲೇಜು ಕಲಿಸುತ್ತಾ?

ಒಳ್ಳೆತನ ಕಲಿಸುತ್ತೇವೆ ಎಂದು ಹೊರಟರೆ ಸೋಲುವುದು ಖಂಡಿತ. ಕಲಿಸಬೇಕಾದದ್ದು ಕೆಲಸ. ರೋಗಿಯ ಬಟ್ಟೆ ಸರಿಸುವ ಮುನ್ನ ಕೇಳುವುದು, ಪರದೆ ಎಳೆಯುವುದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುವುದು, ತಪ್ಪಾದಾಗ ಒಪ್ಪಿಕೊಳ್ಳುವುದು. ಇವೆಲ್ಲ ರಕ್ತನಾಳಕ್ಕೆ ಸೂಜಿ ಹಾಕುವಂತೆಯೇ ಮಾಡಿ ಮಾಡಿ ಕೈಗೆ ಕೂರುವ ಕೌಶಲಗಳು. ಎಷ್ಟೇ ಒಳ್ಳೆಯ ಮನಸ್ಸಿನವರಿಗೂ, ಈಗತಾನೇ ಮಗುವನ್ನು ಕಳೆದುಕೊಂಡ ತಾಯಿಯ ಎದುರು ಮೊದಲ ವಾಕ್ಯ ಏನಿರಬೇಕೆಂದು ತಾನಾಗಿ ಹೊಳೆಯುವುದಿಲ್ಲ.

ಇನ್ನು, ವಿದ್ಯಾರ್ಥಿಗಳು ಬರಿಗೈಯಲ್ಲಿ ಬರುವುದಿಲ್ಲ. ಮೊದಲ ವರ್ಷದಲ್ಲಿ ಹೆಚ್ಚಿನವರ ಮನಸ್ಸು ರೋಗಿಯ ಕಡೆಗೇ ಇರುತ್ತದೆ. ಮುಂದಿನ ವರ್ಷಗಳಲ್ಲಿ ಅದು ಸವೆದುಹೋಗದಂತೆ ನೋಡಿಕೊಳ್ಳುವುದೇ ಕಾಲೇಜಿನ ಅರ್ಧ ಕೆಲಸ.

ನೀತಿ ಅಂದ್ರೆ ಕಾನೂನೇ ತಾನೆ? ನ್ಯಾಯವೈದ್ಯಶಾಸ್ತ್ರದಲ್ಲಿ ಹೇಗೂ ಬರುತ್ತಲ್ಲ?

ಇದಕ್ಕಿಂತ ಕೆಳಗಿಳಿದರೆ ಶಿಕ್ಷೆ ಎಂದು ಕಾನೂನು ಗೆರೆ ಎಳೆಯುತ್ತದೆ. ಆ ಗೆರೆಯ ಮೇಲೆ ಇರುವ ಹತ್ತಾರು ದಾರಿಗಳಲ್ಲಿ ಯಾವುದು ಸರಿ ಎಂಬುದು ನೀತಿಯ ಪ್ರಶ್ನೆ. ತೀವ್ರ ನಿಗಾ ಘಟಕದಲ್ಲಿ ಒಂದೇ ಹಾಸಿಗೆ ಖಾಲಿ ಇದೆ, ಇಬ್ಬರು ರೋಗಿಗಳು ಕಾಯುತ್ತಿದ್ದಾರೆ. ಇಬ್ಬರಲ್ಲಿ ಯಾರನ್ನು ಒಳಗೆ ತೆಗೆದುಕೊಂಡರೂ ಕಾನೂನು ಮುರಿದಂತಾಗದು. ಆದರೂ ಆಯ್ಕೆಗೆ ಕಾರಣ ಕೊಡಲೇಬೇಕು. ನೀತಿಯನ್ನು ಬರೀ ನ್ಯಾಯವೈದ್ಯಶಾಸ್ತ್ರದ ಜೊತೆ ಕಟ್ಟಿದರೆ ಇನ್ನೊಂದು ಅಪಾಯವಿದೆ: ಮೈಮೇಲೆ ಕೇಸು ಬೀಳದಂತೆ ತಪ್ಪಿಸಿಕೊಳ್ಳುವ ವಿದ್ಯೆ ಇದು ಎಂದು ವಿದ್ಯಾರ್ಥಿಗಳು ತಿಳಿದುಬಿಡುತ್ತಾರೆ.

ನಾಲ್ಕು ತತ್ವ ಬಾಯಿಪಾಠ ಆದ್ರೆ ಸಾಲದಾ?

ರೋಗಿಯ ಸ್ವಾಯತ್ತತೆ, ಒಳಿತು ಮಾಡುವುದು, ಕೆಡುಕು ಮಾಡದಿರುವುದು, ನ್ಯಾಯ. 1979ರಿಂದ ಚಲಾವಣೆಯಲ್ಲಿರುವ ಈ ನಾಲ್ಕು ಮಾತು ಚರ್ಚೆಗೆ ಬೇಕಾದ ಶಬ್ದಗಳನ್ನು ಕೊಡುತ್ತವೆ, ಉತ್ತರ ಕೊಡುವುದಿಲ್ಲ. ನಿಜವಾದ ಕಷ್ಟ ಬರುವುದೇ ಇವು ಒಂದಕ್ಕೊಂದು ಡಿಕ್ಕಿ ಹೊಡೆದಾಗ.

ಕೆಲಸಕ್ಕೆ ಹೆಚ್ಚು ಒದಗುವುದು 1982ರಿಂದ ಬಳಕೆಯಲ್ಲಿರುವ ನಾಲ್ಕು ಚೌಕದ ಪದ್ಧತಿ. ಹಾಳೆಯನ್ನು ನಾಲ್ಕು ಭಾಗ ಮಾಡಿ, ವೈದ್ಯಕೀಯ ಸ್ಥಿತಿ, ರೋಗಿಯ ಇಚ್ಛೆ, ಬದುಕಿನ ಗುಣಮಟ್ಟ, ಸುತ್ತಲಿನ ಸಂದರ್ಭ ಎಂದು ಬರೆದು, ಅಭಿಪ್ರಾಯ ಹೇಳುವ ಮೊದಲು ಗೊತ್ತಿರುವ ಸಂಗತಿಗಳನ್ನು ತುಂಬಿಸಿ. ಎರಡನೇ ಚೌಕ ಖಾಲಿ ಉಳಿಯುವುದನ್ನು ನೀವೇ ನೋಡುತ್ತೀರಿ. ದೊಡ್ಡ ನೈತಿಕ ಇಕ್ಕಟ್ಟು ಎಂದುಕೊಂಡದ್ದು ಎಷ್ಟೋ ಸಲ, ರೋಗಿಯನ್ನೇ ಯಾರೂ ಕೇಳಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಹಿಪೊಕ್ರಟಿಸ್ ಪ್ರತಿಜ್ಞೆ ಮಾಡಿಸ್ತೀವಲ್ಲ, ಬೇರೆ ಏನು ಬೇಕು?

ಆ ಹಳೆಯ ಪ್ರತಿಜ್ಞೆಯಲ್ಲಿ ಗೋಪ್ಯತೆಯ ಮಾತಿದೆ, ರೋಗಿಯ ಒಪ್ಪಿಗೆಯ ಮಾತೇ ಇಲ್ಲ. ವಿಶ್ವ ವೈದ್ಯಕೀಯ ಸಂಘ 1948ರಲ್ಲಿ ಹೊರಡಿಸಿದ ಹೊಸ ವೈದ್ಯ ಪ್ರತಿಜ್ಞೆಯಾದ ಜಿನೀವಾ ಘೋಷಣೆಗೂ ರೋಗಿಯ ಸ್ವಾಯತ್ತತೆ, ವೈದ್ಯರ ಸ್ವಂತ ಆರೋಗ್ಯ ಇವೆರಡು ಸೇರಿದ್ದು 2017ರ ಪರಿಷ್ಕರಣೆಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಸೇರಿತು, ಏನು ಬಿಟ್ಟುಹೋಯಿತು ಎಂದು ಓದಿಸಿದರೆ ಒಂದು ಒಳ್ಳೆಯ ತರಗತಿಯಾಗುತ್ತದೆ. ಸಾಲಾಗಿ ನಿಲ್ಲಿಸಿ ಗಟ್ಟಿಯಾಗಿ ಹೇಳಿಸಿದರೆ ಒಂದು ಸಮಾರಂಭವಾಗುತ್ತದೆ, ಅಷ್ಟೇ.

## ಪಾಠ ಹೂಡುವಾಗ

ಯಾವ ವರ್ಷ ಏನು ಕಲಿಸಬೇಕು?

ವಿದ್ಯಾರ್ಥಿ ಆ ವಾರ ಯಾವ ಕೆಲಸಕ್ಕೆ ಕೈ ಹಾಕುತ್ತಾನೋ ಆ ಕೆಲಸದ ನೀತಿಯನ್ನು ಆ ವಾರವೇ ಕಲಿಸಬೇಕು. ಮೊದಲ ವರ್ಷಕ್ಕೆ ಶವಚ್ಛೇದನ, ಪ್ರಯೋಗಾಲಯದ ಅಂಕಿಗಳನ್ನು ತಿದ್ದದಿರುವುದು, ಪರೀಕ್ಷೆಯ ಪ್ರಾಮಾಣಿಕತೆ. ರೋಗದ ಇತಿಹಾಸ ಕೇಳಲು ಶುರು ಮಾಡಿದಾಗ ತನ್ನ ಪರಿಚಯ ಹೇಳಿಕೊಳ್ಳುವುದು, ಗೋಪ್ಯತೆ, 'ನಾನಿನ್ನೂ ವಿದ್ಯಾರ್ಥಿ' ಎಂದು ಬಾಯಿಬಿಟ್ಟು ಹೇಳುವುದು. ವಾರ್ಡಿಗೆ ಇಳಿದ ಮೇಲೆ ಒಪ್ಪಿಗೆ, ಕೆಟ್ಟ ಸುದ್ದಿ, ತಪ್ಪು ಒಪ್ಪಿಕೊಳ್ಳುವುದು, ಸಾವಿನ ಅಂಚಿನ ಆರೈಕೆ. ಕೊನೆಗೆ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಹೌಸ್ ಸರ್ಜನ್ ಆದಾಗ ಡ್ಯೂಟಿ ಹಸ್ತಾಂತರ, ಔಷಧ ಕಂಪನಿಗಳ ಉಡುಗೊರೆ, ದಣಿವು.

ಎಲ್ಲವನ್ನೂ ಮೊದಲ ವರ್ಷದ ಇಪ್ಪತ್ತು ಉಪನ್ಯಾಸಗಳಿಗೆ ತುರುಕಿ ಕೈ ತೊಳೆದುಕೊಳ್ಳುವುದು ಎಲ್ಲೆಡೆ ಕಾಣುವ ತಪ್ಪು. ಇನ್ನೂ ರೋಗಿಯನ್ನೇ ಮುಟ್ಟದವರಿಗೆ ಒಪ್ಪಿಗೆಯ ಪಾಠ ಎಂದರೆ ನೀರಿಗಿಳಿಯದೆ ಈಜು ಕಲಿತಂತೆ.

ಶವಚ್ಛೇದನದ ಕೋಣೆಗೂ ನೀತಿಗೂ ಏನು ಸಂಬಂಧ?

ವಿದ್ಯಾರ್ಥಿಗೆ ಸಿಗುವ ಮೊದಲ ರೋಗಿ ಅಲ್ಲಿ ಮಲಗಿರುತ್ತಾರೆ. ಈ ದೇಹ ಇಲ್ಲಿಗೆ ಹೇಗೆ ಬಂತು ಎಂಬುದರಿಂದ ಶುರು ಮಾಡಿ. ಬದುಕಿದ್ದಾಗಲೇ ಬರೆದುಕೊಟ್ಟ ದಾನವೇ, ವಾರಸುದಾರರಿಲ್ಲದ ದೇಹವೇ? ಎರಡನೆಯದರಲ್ಲಿ ಒಪ್ಪಿಗೆ ಕೊಟ್ಟವರು ಯಾರು? ತರಗತಿ ಅಲ್ಲೇ ಗಂಭೀರವಾಗುತ್ತದೆ.

ಆಮೇಲೆ ಸಣ್ಣ ಸಣ್ಣ ಪದ್ಧತಿಗಳು. ಕತ್ತರಿಸುತ್ತಿರುವ ಭಾಗ ಬಿಟ್ಟು ಉಳಿದದ್ದನ್ನು, ಮುಖ್ಯವಾಗಿ ಮುಖವನ್ನು, ಮುಚ್ಚಿಡುವುದು. ಒಂದು ದೇಹದಿಂದ ತೆಗೆದ ಅಂಗಾಂಶವನ್ನೆಲ್ಲ ಅದೇ ಸಂಖ್ಯೆಯ ಡಬ್ಬಿಗೆ ಹಾಕುವುದು, ಕೊನೆಗೆ ಎಲ್ಲವೂ ಒಟ್ಟಿಗೆ ಅಂತ್ಯಸಂಸ್ಕಾರಕ್ಕೆ ಹೋಗಲೆಂದು. ಅಡ್ಡಹೆಸರು ಇಡದಿರುವುದು, ಮೊಬೈಲನ್ನು ಕೋಣೆಯ ಹೊರಗೇ ಬಿಡುವುದು. ಮೊದಲ ದಿನ ಯಾರಾದರೂ ತಲೆ ತಿರುಗಿ ಕೂತರೆ ಮೇಷ್ಟ್ರು ನಗೆಚಾಟಿಕೆ ಹಾರಿಸುತ್ತಾರೋ ಕುರ್ಚಿ ಎಳೆದು ನೀರು ಕೊಡುತ್ತಾರೋ ಎಂಬುದನ್ನು ಇಡೀ ತರಗತಿ ನೋಡುತ್ತಿರುತ್ತದೆ. ಆ ವರ್ಷದ ಮೊದಲ ನೀತಿಪಾಠ ಅದೇ.

ತರಗತಿಯಲ್ಲಿ 150 ಮಂದಿ, ಮೇಷ್ಟ್ರು ನಾವಿಬ್ಬರೇ. ಚರ್ಚೆ ಮಾಡಿಸೋದು ಹೇಗೆ?

ಹತ್ತು ಮಂದಿಯ 15 ಗುಂಪು ಮಾಡಿ. ಗುಂಪು ನಡೆಸಲು ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು), ಹಿರಿಯ ನರ್ಸ್‌ಗಳು, ಸಮಾಜ ಕಾರ್ಯಕರ್ತರು ಸಾಕು. ಅವರನ್ನು ಹಿಂದಿನ ದಿನ ಒಂದು ಗಂಟೆ ಕೂರಿಸಿ, ಒಂದು ಪುಟದ ಸೂಚನೆ ಕೊಡಿ. 90 ನಿಮಿಷವನ್ನು ಹೀಗೆ ಹಂಚಬಹುದು: ಕೇಸು ಓದಲು 5, ಒಬ್ಬೊಬ್ಬರೇ ತಮ್ಮ ನಿರ್ಧಾರ ಮತ್ತು ಕಾರಣ ಬರೆಯಲು 10, ಗುಂಪಿನ ಚರ್ಚೆಗೆ 40, ಎಲ್ಲರೂ ಸೇರಿ ಮಾತಾಡಲು 25, ಮೊದಲು ಬರೆದದ್ದನ್ನು ತಿದ್ದಲು 10.

ಒಬ್ಬೊಬ್ಬರೇ ಬರೆಯುವ ಆ ಹತ್ತು ನಿಮಿಷವನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಗಟ್ಟಿ ದನಿಯವರ ಅಭಿಪ್ರಾಯವೇ ಗುಂಪಿನ ಅಭಿಪ್ರಾಯವಾಗುತ್ತದೆ. ಇನ್ನೊಂದು ಅಪಾಯ, ಗುಂಪು ನಡೆಸುವವರೇ ಭಾಷಣಕ್ಕೆ ಇಳಿಯುವುದು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ ಸುಮ್ಮನಿರಲು ಅವರಿಗೆ ಹೇಳಿಕೊಡಿ. ಆ ಮೌನ ತಡೆಯಲಾಗದೆ ಯಾರಾದರೂ ಬಾಯಿ ತೆರೆದೇ ತೆರೆಯುತ್ತಾರೆ.

ಚರ್ಚೆಗೆ ಒಳ್ಳೆ ಕೇಸು ಬರೆಯೋದು ಹೇಗೆ?

ಇನ್ನೂರು ಪದದೊಳಗೆ ಮುಗಿಸಿ. ಯಾರನ್ನೂ ಖಳನಾಯಕ ಮಾಡಬೇಡಿ. ಲಂಚ ತಿನ್ನುವ ವೈದ್ಯನ ಕೇಸಿನಲ್ಲಿ ಚರ್ಚಿಸಲು ಏನೂ ಇರುವುದಿಲ್ಲ, ಎಲ್ಲರೂ ಛೀ ಎಂದು ಎದ್ದುಹೋಗುತ್ತಾರೆ. ಯಾವ ದಾರಿ ಹಿಡಿದರೂ ಏನೋ ಒಂದನ್ನು ಕಳೆದುಕೊಳ್ಳುವಂತಿರಬೇಕು, ನಿರ್ಧಾರಕ್ಕೆ ಗಡುವಿರಬೇಕು.

ಒಂದು ಮಾದರಿ ನೋಡಿ. 68 ವರ್ಷದ ಮಹಿಳೆ, ಕಾಲಿಗೆ ಗ್ಯಾಂಗ್ರೀನ್. ಮಂಡಿಯ ಕೆಳಗೆ ತೆಗೆಯದಿದ್ದರೆ ಸೋಂಕು ರಕ್ತಕ್ಕೇರಿ ಜೀವಕ್ಕೆ ಅಪಾಯ. ಬೇಡ, ಎರಡು ಕಾಲಿನಲ್ಲೇ ಹೋಗುತ್ತೇನೆ ಎನ್ನುತ್ತಾರೆ. ಮಗ ಸಹಿ ಹಾಕಲು ಸಿದ್ಧ. ಇಲ್ಲಿಗೆ ಮೊದಲ ಹಾಳೆ ಮುಗಿಯಲಿ. ಅರ್ಧ ಗಂಟೆಯ ಬಳಿಕ ಎರಡನೆಯದು: ರಾತ್ರಿ ಜ್ವರ 103ಕ್ಕೆ ಏರಿದೆ, ಆಕೆ ಊರಿನ ಹೆಸರು ತಪ್ಪು ಹೇಳುತ್ತಿದ್ದಾರೆ, 'ಏನು ಬೇಕಾದರೂ ಮಾಡಿಕೊಳ್ಳಿ' ಎಂದಿದ್ದಾರೆ. ಇದು ಒಪ್ಪಿಗೆಯೇ?

ನಿರ್ಧರಿಸುವ ಸಾಮರ್ಥ್ಯ ಎಂದರೆ ಏನು ಎಂಬುದು ಈಗ ತಾನಾಗಿ ಮೇಲೆ ಬರುತ್ತದೆ. ಹೇಳಿದ್ದು ಅರ್ಥವಾಗಬೇಕು, ನೆನಪಿನಲ್ಲಿ ನಿಲ್ಲಬೇಕು, ಲಾಭನಷ್ಟ ತೂಗಲು ಬರಬೇಕು, ತೀರ್ಮಾನವನ್ನು ತಿಳಿಸಲು ಆಗಬೇಕು. ಇದನ್ನು ಆ ಒಂದು ನಿರ್ಧಾರಕ್ಕೆ, ಆ ಹೊತ್ತಿಗೆ ಮಾತ್ರ ಅಳೆಯುವುದು. ವೈದ್ಯರ ಮಾತು ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಸಾಮರ್ಥ್ಯ ಇಲ್ಲದವರಾಗುವುದಿಲ್ಲ. ಬೆಳಗ್ಗೆ ಸ್ಪಷ್ಟ ಬುದ್ಧಿಯಲ್ಲಿ ಹೇಳಿದ ಬೇಡ ಎಂಬ ಮಾತು ರಾತ್ರಿಗೆ ಅಳಿಸಿಹೋಗುವುದೂ ಇಲ್ಲ.

ನ್ಯೂರೆಂಬರ್ಗ್ ಕಥೆ ಈಗಿನ ಹುಡುಗರಿಗೆ ಯಾಕೆ?

ನಾಜಿ ಶಿಬಿರಗಳಲ್ಲಿ ಮನುಷ್ಯರ ಮೇಲೆ ಪ್ರಯೋಗ ನಡೆಸಿದ ಆರೋಪ ಹೊತ್ತವರ ವಿಚಾರಣೆ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ 1946ರ ಡಿಸೆಂಬರಿನಲ್ಲಿ ಶುರುವಾಯಿತು. 23 ಆರೋಪಿಗಳಲ್ಲಿ 20 ಮಂದಿ ವೈದ್ಯರು. 1947ರ ತೀರ್ಪಿನಿಂದ ನ್ಯೂರೆಂಬರ್ಗ್ ಸಂಹಿತೆ ಹುಟ್ಟಿತು, ಅದರ ಮೊದಲ ಅಂಶವೇ ಸ್ವಇಚ್ಛೆಯ ಒಪ್ಪಿಗೆ. ಸಾಮಾನ್ಯವಾಗಿ ಪಾಠ ಇಲ್ಲಿಗೆ ನಿಲ್ಲುತ್ತದೆ. ನಿಲ್ಲಿಸಬಾರದು. ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಬೇಕೆಂಬ ಅಧಿಕೃತ ಮಾರ್ಗಸೂಚಿ ಜರ್ಮನಿಯಲ್ಲಿ 1931ರಲ್ಲೇ ಇತ್ತು! ನಿಯಮ ಬರೆದಿಟ್ಟರೆ ನಡತೆ ಬಂದೀತು ಎಂದುಕೊಂಡಿರುವವರಿಗೆ ಇದನ್ನು ಮೊದಲು ಹೇಳಬೇಕು.

ಅದು ಯುದ್ಧಕಾಲದ ರಾಕ್ಷಸರ ಕಥೆ ಎಂದು ತಳ್ಳಿಹಾಕದಂತೆ ಟಸ್ಕೀಗಿ ಅಧ್ಯಯನವನ್ನೂ ಜೊತೆಗಿಡಿ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ 1932ರಿಂದ 1972ರವರೆಗೆ, ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು ಚಿಕಿತ್ಸೆ ಕೊಡದೆ ಗಮನಿಸುತ್ತಾ ಕೂತಿತ್ತು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ನಲವತ್ತು ವರ್ಷದಲ್ಲಿ ಎಷ್ಟು ಜನ ವೈದ್ಯರು ಆ ಕಡತಕ್ಕೆ ಸಹಿ ಹಾಕಿರಬಹುದು ಎಂದು ಕೇಳಿ ಸುಮ್ಮನಾಗಿ.

## ವಾರ್ಡಿನಲ್ಲಿ

ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಐದು ನಿಮಿಷ ಸಿಗಲ್ಲ. ಸಹಾನುಭೂತಿಗೆ ಟೈಮೆಲ್ಲಿ?

1984ರ ಒಂದು ಅಮೆರಿಕನ್ ಅಧ್ಯಯನದಲ್ಲಿ ವೈದ್ಯರು ಸರಾಸರಿ 18 ಸೆಕೆಂಡಿಗೆ ರೋಗಿಯ ಮೊದಲ ಮಾತನ್ನು ತುಂಡರಿಸಿದ್ದರು. ತುಂಡರಿಸಿದರೆ ಸಮಯ ಉಳಿಯುವುದಿಲ್ಲ. ಅಸಲು ಕಾರಣ ರೋಗಿ ಎದ್ದು ಬಾಗಿಲ ಬಳಿ ಹೋದಾಗ ಹೊರಬರುತ್ತದೆ: 'ಡಾಕ್ಟ್ರೇ, ಇನ್ನೊಂದು ವಿಷಯ...'

ವಿದ್ಯಾರ್ಥಿಗಳಿಗೆ ಮೂರು ಅಭ್ಯಾಸ ಮಾಡಿಸಿ. ಕೂತು ಮಾತಾಡುವುದು, ಮೊದಲ ಒಂದು ನಿಮಿಷ ಪೆನ್ನು ಕೆಳಗಿಡುವುದು, ಆರಂಭದಲ್ಲೇ 'ಬೇರೆ ಏನು ತೊಂದರೆ ಇದೆ?' ಎಂದು ಕೇಳುವುದು. 'ಅಷ್ಟೇ ತಾನೆ?' ಎಂದು ಕೇಳಿದರೆ ಯಾರಾದರೂ ಹೂಂ ಎನ್ನುತ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸೋದು ಹೌಸ್ ಸರ್ಜನ್ ಕೆಲಸ ತಾನೆ?

ಶಸ್ತ್ರಚಿಕಿತ್ಸೆ ಮಾಡುವವರು, ಇಲ್ಲವೇ ಅದನ್ನು ಚೆನ್ನಾಗಿ ಬಲ್ಲವರು ಮಾಡಬೇಕಾದ ಕೆಲಸ. ರೋಗಿಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಒಪ್ಪಿಗೆ ಪಡೆಯುವಂತಿಲ್ಲ. ಹೇಳಬೇಕಾದದ್ದು ಏನೇನು: ಕಾಯಿಲೆ ಏನು, ಏನು ಮಾಡುತ್ತೇವೆ, ಏನು ಲಾಭ, ಏನೇನು ಅಪಾಯ, ಬೇರೆ ದಾರಿ ಯಾವುದು, ಏನೂ ಮಾಡದಿದ್ದರೆ ಏನಾಗುತ್ತದೆ. ಕೊನೆಯದನ್ನೇ ಹೆಚ್ಚಿನವರು ಮರೆಯುವುದು.

ಎಲ್ಲ ಹೇಳಿ 'ಅರ್ಥ ಆಯ್ತಾ?' ಎಂದು ಕೇಳಬಾರದು. ಎಲ್ಲರೂ ಆಯ್ತು ಎಂದೇ ತಲೆಯಾಡಿಸುತ್ತಾರೆ. 'ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಯವರು ಕೇಳಿದರೆ ನಾಳಿನ ಆಪರೇಷನ್ ಬಗ್ಗೆ ಏನು ಹೇಳುತ್ತೀರಿ?' ಎಂದು ಕೇಳಿಸಿ. ಹೀಗೆ ರೋಗಿಯ ಬಾಯಲ್ಲೇ ತಿರುಗಿ ಹೇಳಿಸಿದಾಗ, ಪಿತ್ತಕೋಶದ ಕಲ್ಲು ಮಾತ್ರ ತೆಗೆಯುತ್ತಾರೆ, ಪಿತ್ತಕೋಶ ಹಾಗೇ ಇರುತ್ತದೆ ಎಂದು ಅವರು ತಿಳಿದಿರುವುದು ಹೊರಬೀಳುತ್ತದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ, ಮಂಪರಿನ ಔಷಧಿ ಕೊಟ್ಟ ಮೇಲೆ ಪಡೆದ ಸಹಿ ಕಡತ ತುಂಬಿಸಲು ಮಾತ್ರ.

ಅರಿವಳಿಕೆಯಲ್ಲಿರುವ ರೋಗಿಯ ಮೇಲೆ ವಿದ್ಯಾರ್ಥಿಗಳು ಗುಪ್ತಾಂಗ ಪರೀಕ್ಷೆ ಕಲಿಯಬಹುದಾ?

ಮೊದಲೇ, ಎಚ್ಚರವಿದ್ದಾಗ, ಅದಕ್ಕೆಂದೇ ಪ್ರತ್ಯೇಕವಾಗಿ ಒಪ್ಪಿಗೆ ಪಡೆಯದೆ ಖಂಡಿತ ಕೂಡದು. 'ಇದು ಬೋಧನಾ ಆಸ್ಪತ್ರೆ, ಬಂದಾಗಲೇ ಗೊತ್ತಿರುತ್ತದೆ' ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಕೆಟ್ಟ ಸುದ್ದಿ ಹೇಳೋದನ್ನ ಕಲಿಸೋಕೆ ಆಗುತ್ತಾ?

ಆಗುತ್ತದೆ. ಕ್ಯಾನ್ಸರ್ ತಜ್ಞರು 2000ದಲ್ಲಿ ಪ್ರಕಟಿಸಿದ ಸ್ಪೈಕ್ಸ್ ಎಂಬ ಆರು ಹಂತದ ಕ್ರಮ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಜಾಗ ಹೊಂದಿಸುವುದು, ರೋಗಿಗೆ ಎಷ್ಟು ಗೊತ್ತಿದೆ ಎಂದು ತಿಳಿಯುವುದು, ಎಷ್ಟು ತಿಳಿಯಲು ಇಷ್ಟ ಎಂದು ಕೇಳುವುದು, ಸುದ್ದಿ ಹೇಳುವುದು, ಭಾವನೆಗೆ ಸ್ಪಂದಿಸುವುದು, ಮುಂದಿನ ದಾರಿ ಮಾತಾಡುವುದು.

ವಿದ್ಯಾರ್ಥಿಗಳು ಎಡವುವುದು ನಾಲ್ಕನೇ ಮತ್ತು ಐದನೇ ಹಂತದ ನಡುವೆ. 'ಕ್ಯಾನ್ಸರ್' ಎಂದ ಕೂಡಲೇ ಹೆದರಿ, ಉಸಿರು ಬಿಡದೆ ಕೀಮೋ, ರೇಡಿಯೇಷನ್ ಎಂದು ಮಾತು ಸುರಿಸುತ್ತಾರೆ. ಆ ಶಬ್ದ ಬಿದ್ದ ಮೇಲೆ ರೋಗಿಯ ಕಿವಿಗೆ ಬೇರೇನೂ ಇಳಿಯುವುದಿಲ್ಲ. ಅಲ್ಲಿ ಸುಮ್ಮನಿರುವುದನ್ನೇ ತರಬೇತಿ ಕೊಡಬೇಕು. ಮೂವರ ಗುಂಪಿನಲ್ಲಿ ಒಬ್ಬರು ವೈದ್ಯ, ಒಬ್ಬರು ರೋಗಿ, ಒಬ್ಬರು ಗಡಿಯಾರ ಹಿಡಿದ ವೀಕ್ಷಕ. ಸುದ್ದಿ ಹೇಳಿದ ಮೇಲೆ ಎಷ್ಟು ಸೆಕೆಂಡಿಗೆ ವೈದ್ಯ ಮತ್ತೆ ಬಾಯಿ ತೆರೆದ ಎಂದಷ್ಟೇ ವೀಕ್ಷಕ ಬರೆದುಕೊಳ್ಳಲಿ. ಮೊದಲ ಸಲ ಬಂದ ಅಂಕಿ ನೋಡಿ ಅವರಿಗೇ ನಗು ಬರುತ್ತದೆ.

ತರಗತಿಯಲ್ಲಿ ಒಂದು ಹೇಳ್ತೀರಿ, ರೌಂಡ್ಸ್‌ನಲ್ಲಿ ಇನ್ನೊಂದು ನೋಡ್ತೀವಿ. ಯಾವುದನ್ನ ನಂಬೋದು?

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಪಾಠದಲ್ಲಿ ಇಲ್ಲದಿದ್ದರೂ ಹಿರಿಯರನ್ನು ನೋಡಿ ಕಲಿಯುವ ಇದನ್ನು ಶಿಕ್ಷಣತಜ್ಞರು ಗುಪ್ತ ಪಠ್ಯಕ್ರಮ ಎನ್ನುತ್ತಾರೆ. ವೈದ್ಯಕೀಯ ನೀತಿಪಾಠದ ಚರ್ಚೆಯಲ್ಲಿ ಈ ಮಾತು 1994ರ ಒಂದು ಲೇಖನದಿಂದ ಬೇರೂರಿತು. ವಿದ್ಯಾರ್ಥಿ ನಂಬುವುದು ಕಣ್ಣಾರೆ ಕಂಡದ್ದನ್ನೇ. 'ಹನ್ನೆರಡನೇ ಬೆಡ್ಡಿನ ಲಿವರ್' ಎಂದು ಪ್ರೊಫೆಸರ್ ಕರೆದರೆ ಮರುದಿನದಿಂದ ಅವನ ಬಾಯಲ್ಲೂ ಅದೇ.

ಹಾಗಾಗಿ ನೀತಿಪಾಠದ ಹಣ, ಸಮಯಗಳಲ್ಲಿ ದೊಡ್ಡ ಪಾಲು ಬೋಧಕರ ಕಡೆ ಹೋಗಬೇಕೆಂದೇ ನಮ್ಮ ಅಭಿಪ್ರಾಯ. ಭಾಷಣ ಬೇಡ. ರೌಂಡ್ಸ್‌ನಲ್ಲಿ ಪ್ರತಿ ಘಟಕವೂ ಪಾಲಿಸುವ ನಾಲ್ಕು ಕೆಲಸ ಗೊತ್ತುಮಾಡಿ: ರೋಗಿಯನ್ನು ಹೆಸರಿನಿಂದ ಮಾತಾಡಿಸುವುದು, ಜೊತೆಗಿರುವವರು ಯಾರೆಂದು ರೋಗಿಗೆ ಹೇಳುವುದು, ಪರದೆ ಎಳೆಯುವುದು, ಹೊರಡುವ ಮುನ್ನ ನಿಮ್ಮ ಪ್ರಶ್ನೆ ಏನು ಎಂದು ಕೇಳುವುದು. ಕೊನೆಗೆ ಎರಡು ನಿಮಿಷ, 'ಇವತ್ತು ಯಾವ ರೋಗಿಯ ಹತ್ತಿರ ನಾವು ಎಡವಿದೆವು?' ಎಂದು ಪ್ರೊಫೆಸರೇ ಕೇಳಲಿ. ತಮ್ಮದೇ ತಪ್ಪಿನಿಂದ ಶುರು ಮಾಡಿದರೆ ಕಿರಿಯರಿಗೂ ಬಾಯಿ ಬರುತ್ತದೆ.

ಸೀನಿಯರ್ ತಪ್ಪು ಮಾಡ್ತಿದ್ದಾರೆ, ನಾನು ಬರೀ ವಿದ್ಯಾರ್ಥಿ. ಏನು ಮಾಡಲಿ?

ರೋಗಿಗೆ ಈಗಲೇ ಅಪಾಯವಿದೆಯೇ ಎಂಬುದು ಮೊದಲ ಪ್ರಶ್ನೆ. ಇದ್ದರೆ ಮೆಟ್ಟಿಲು ಮೆಟ್ಟಿಲಾಗಿ ದನಿ ಏರಿಸಿ. 'ಸರ್, ಪೆನಿಸಿಲಿನ್ ಅಲರ್ಜಿ ಅಂತ ಕೇಸ್ ಶೀಟಿನಲ್ಲಿ ಇದ್ದ ಹಾಗಿತ್ತು, ಒಮ್ಮೆ ನೋಡಲಾ?' ಕೇಳಿಸಿಕೊಳ್ಳದಿದ್ದರೆ, 'ನನಗೆ ಆತಂಕ ಆಗ್ತಿದೆ ಸರ್.' ಆಗಲೂ ಇಲ್ಲವಾದರೆ, 'ಇದು ರೋಗಿಯ ಸುರಕ್ಷತೆಯ ವಿಷಯ, ದಯವಿಟ್ಟು ನಿಲ್ಲಿಸಿ', ಜೊತೆಗೇ ಪಕ್ಕದ ನರ್ಸನ್ನು ಕರೆಯುವುದು. ಈ ಮೂರು ವಾಕ್ಯಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸದಿದ್ದರೆ ಆ ಗಳಿಗೆಯಲ್ಲಿ ನಾಲಿಗೆ ಏಳುವುದಿಲ್ಲ.

ತಕ್ಷಣದ ಅಪಾಯ ಇಲ್ಲದಿದ್ದರೆ ದಿನ, ಹೊತ್ತು, ಕಂಡದ್ದು ಮಾತ್ರ ಬರೆದಿಟ್ಟು, ನಿಮಗೆ ಅಂಕ ಕೊಡುವ ಅಧಿಕಾರವಿಲ್ಲದ ಹಿರಿಯರೊಬ್ಬರ ಬಳಿ ಹೋಗಿ. ಅಂಥ ಒಬ್ಬರನ್ನು ನೇಮಿಸಿ, ಹೆಸರನ್ನು ಮೊದಲ ದಿನವೇ ಹೇಳಿರುವುದು ಕಾಲೇಜಿನ ಹೊಣೆ. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ಅತಿ ಕಿರಿಯರ ತಲೆಗೆ ಹಾಕುವುದು ನ್ಯಾಯವಲ್ಲ.

## ಅಂಕ, ಪರೀಕ್ಷೆ

ಮೌಲ್ಯಕ್ಕೆ ಅಂಕ ಕೊಡೋದು ಹೇಗೆ? ಪರೀಕ್ಷೆ ದಿನ ಎಲ್ಲರೂ ದೇವರಂತೆ ಇರ್ತಾರೆ!

ಇರಲಿ. ಮಾಡಲು ಬರುತ್ತದೆ ಎಂಬುದಾದರೂ ಖಾತ್ರಿಯಾಯಿತು. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೂಪುಗೊಂಡ ಆಸ್ಕಿ (OSCE) ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಠಾಣೆ ಇರುತ್ತದೆ, ವಿದ್ಯಾರ್ಥಿಗಳು ನಿಗದಿತ ನಿಮಿಷಗಳಿಗೊಮ್ಮೆ ಒಂದು ಠಾಣೆಯಿಂದ ಇನ್ನೊಂದಕ್ಕೆ ಸರಿಯುತ್ತಾರೆ. ಅದರಲ್ಲಿ ಒಂದೆರಡು ಠಾಣೆಗಳಲ್ಲಿ ತರಬೇತಾದ ನಟರನ್ನು ರೋಗಿಯಾಗಿ ಕೂರಿಸಿ. ಅಂಕಪಟ್ಟಿ ಬರೆಯುವಾಗ ಎಚ್ಚರ. 'ಸಹಾನುಭೂತಿ ತೋರಿದ: 2 ಅಂಕ' ಎಂದು ಬರೆದರೆ ಎಲ್ಲರೂ 'ನಿಮ್ಮ ನೋವು ನನಗೆ ಅರ್ಥವಾಗುತ್ತದೆ' ಎಂಬ ಒಂದೇ ವಾಕ್ಯವನ್ನು ಗಿಣಿಯಂತೆ ಒಪ್ಪಿಸಿ ಅಂಕ ಬಾಚುತ್ತಾರೆ. ಬದಲಿಗೆ, ರೋಗಿ ಅತ್ತಾಗ ಪ್ರಶ್ನೆ ನಿಲ್ಲಿಸಿದನೇ, ರೋಗಿ ಬಳಸಿದ ಪದವನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳಿದನೇ ಎಂದು ಬರೆಯಿರಿ. ನಟ-ರೋಗಿಗೂ ಒಂದು ಅಂಕದ ಅಧಿಕಾರ ಇರಲಿ: ಇವರ ಹತ್ತಿರ ಮತ್ತೆ ಬರುತ್ತೀರಾ?

ಪರೀಕ್ಷೆಯ ಹೊರಗಿನ ನಡತೆಗೆ ಒಂದೇ ದೊಡ್ಡ ತೀರ್ಪು ಬೇಡ. ಬೇರೆ ಬೇರೆ ಜನ, ಬೇರೆ ಬೇರೆ ದಿನ ಬರೆದ ಹತ್ತು ಸಣ್ಣ ಟಿಪ್ಪಣಿಗಳು ಹೆಚ್ಚು ನಂಬಿಕೆಗೆ ಅರ್ಹ. ನರ್ಸ್‌ಗಳ ಟಿಪ್ಪಣಿ ಅದರಲ್ಲಿ ಇರಲೇಬೇಕು. ಪ್ರೊಫೆಸರ್ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬೀಳುತ್ತದೆ.

ಅಂಕದಲ್ಲಿ ಫಸ್ಟು, ನಡತೆ ಕೆಟ್ಟದ್ದು. ಫೇಲ್ ಮಾಡಬಹುದಾ?

ನಿಯಮ ಮೊದಲೇ ಬರೆದಿದ್ದರೆ, ಎಚ್ಚರಿಕೆ ಕೊಟ್ಟಿದ್ದರೆ, ದಾಖಲೆಯಿದ್ದರೆ ಮಾಡಬೇಕು. 2005ರ ಅಮೆರಿಕದ ಒಂದು ಅಧ್ಯಯನ, ವೈದ್ಯ ಮಂಡಳಿಗಳಿಂದ ಶಿಸ್ತುಕ್ರಮಕ್ಕೆ ಗುರಿಯಾದ 235 ವೈದ್ಯರ ಕಾಲೇಜು ದಾಖಲೆಗಳನ್ನು ಅಂಥ ಕ್ರಮಕ್ಕೆ ಗುರಿಯಾಗದ 469 ಮಂದಿಯ ದಾಖಲೆಗಳ ಜೊತೆ ಹೋಲಿಸಿತು. ಕಾಲೇಜಿನಲ್ಲೇ ಬೇಜವಾಬ್ದಾರಿ ಮತ್ತು ತಿದ್ದಿಕೊಳ್ಳಲು ಒಪ್ಪದ ಸ್ವಭಾವ ತೋರಿದ್ದವರಲ್ಲಿ ಮುಂದೆ ಶಿಸ್ತುಕ್ರಮದ ಸಂಭವ ಎದ್ದು ಕಂಡಿತು. ನಿಮ್ಮ ಪತ್ತೇದಾರಿಕೆ ಇಲ್ಲಿ ನಡೆಯಲಿ: ತಪ್ಪು ಮಾಡಿದವನಿಗಿಂತ, ತಪ್ಪು ತೋರಿಸಿದಾಗ ಮೂರನೇ ಸಲವೂ ಬೇರೆಯವರತ್ತ ಬೆರಳು ಮಾಡುವವನನ್ನು ಗಮನಿಸಿ.

ಆದರೆ ನಡತೆ ದಿಢೀರನೆ ಕೆಟ್ಟಿದ್ದರೆ ಮೊದಲು ವಿಚಾರಿಸಬೇಕಾದದ್ದು ಖಿನ್ನತೆ, ನಿದ್ದೆ, ಚಟ, ಮನೆಯ ಕಷ್ಟ.

ಅನುಭವ ಬರೆಯಲು ಹೇಳಿದ್ರೆ ಎಲ್ಲರೂ ಕಾಪಿ ಹೊಡೀತಾರೆ.

ವಾರಕ್ಕೊಂದು ಕೇಳಿದರೆ ಹಾಗೇ ಆಗುತ್ತದೆ. ವರ್ಷಕ್ಕೆ ಮೂರು ಸಾಕು. 'ನೀವು ಏನು ಕಲಿತಿರಿ' ಎಂದು ಕೇಳಿದರೆ ಉಪದೇಶದ ಪ್ರಬಂಧ ಬರುತ್ತದೆ. 'ಈ ತಿಂಗಳು ನೀವು ಏನೂ ಹೇಳದೆ ಸುಮ್ಮನಿದ್ದ ಒಂದು ಸಂದರ್ಭ ಬರೆಯಿರಿ' ಎಂದು ಕೇಳಿ. ಓದಿದವರು ಎರಡು ಸಾಲಾದರೂ ಉತ್ತರ ಬರೆಯಬೇಕು, ಅಂಕ ಕೊಡಕೂಡದು.

## ಬಿಗಿ ಗಂಟುಗಳು

ಮೂರನೇ ವರ್ಷಕ್ಕೆ ಸಹಾನುಭೂತಿ ಕಡಿಮೆ ಆಗುತ್ತಂತೆ, ಹೌದಾ?

2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಕಾಲೇಜಿನ ಅಧ್ಯಯನ ಹಾಗೆಂದಿತು: ವಾರ್ಡಿಗೆ ಇಳಿಯುವ ಮೂರನೇ ವರ್ಷದಲ್ಲೇ ಇಳಿಕೆ. ಆದರೆ ಅದು ವಿದ್ಯಾರ್ಥಿಗಳು ತಮ್ಮ ಬಗ್ಗೆ ತಾವೇ ತುಂಬಿದ ಪ್ರಶ್ನಾವಳಿಯ ಅಂಕ. ಎಲ್ಲ ಕಡೆಯೂ ಇದೇ ಫಲ ಬಂದಿಲ್ಲ. ಕಾರಣ ಹುಡುಕಿದರೆ ನಿದ್ದೆಗೇಡು, ಅವಮಾನ, ಸಾವನ್ನು ಕಂಡ ಮೇಲೆ ಮಾತಾಡಲು ಯಾರೂ ಇಲ್ಲದಿರುವುದು ಕಾಣುತ್ತವೆ. 30 ಗಂಟೆ ನಿದ್ದೆಗೆಟ್ಟವರಿಗೆ ಸಹಾನುಭೂತಿಯ ಕಾರ್ಯಾಗಾರ ಇಡುವುದಕ್ಕಿಂತ ಡ್ಯೂಟಿ ಪಟ್ಟಿ ತಿದ್ದುವುದು ಲೇಸು. ವಾರ್ಡಿನಲ್ಲಿ ಸಾವಾದ ದಿನ ಆ ತಂಡವನ್ನು ಹತ್ತು ನಿಮಿಷ ಒಟ್ಟಿಗೆ ಕೂರಿಸಿ.

'ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ' ಅಂತ ಮನೆಯವರು ಅಂದ್ರೆ ಯಾರ ಮೌಲ್ಯ ಮೇಲು?

ಮನೆಯವರ ಮಾತನ್ನು ಅಜ್ಞಾನ ಎಂದು ತಳ್ಳುವುದನ್ನೂ ಕಲಿಸಬೇಡಿ, ಹಾಗೇ ಒಪ್ಪಿಕೊಳ್ಳುವುದನ್ನೂ ಕಲಿಸಬೇಡಿ. ಮೊದಲು ಮನೆಯವರನ್ನೇ ಕೇಳಿ: ಹೇಳಿದರೆ ಏನಾಗುತ್ತದೆಂದು ಭಯ? ಅಪ್ಪನಿಗೆ ಈಗಾಗಲೇ ಎಷ್ಟು ಗೊತ್ತಿರಬಹುದು? ಬಳಿಕ ರೋಗಿಯ ಬಳಿ ಹೋಗಿ: 'ಕೆಲವರಿಗೆ ಎಲ್ಲ ವಿವರ ಬೇಕು, ಕೆಲವರು ಮನೆಯವರ ಹತ್ತಿರ ಮಾತಾಡಿ ಅಂತಾರೆ. ನಿಮಗೆ ಹೇಗೆ ಇಷ್ಟ?' ಮಗನ ಹತ್ತಿರ ಮಾತಾಡಿ ಎಂದು ರೋಗಿಯೇ ಹೇಳಿದರೆ ಅದೂ ಅವರ ಸ್ವಾಯತ್ತತೆಯೇ. ನೇರವಾಗಿ 'ನನಗೆ ಕ್ಯಾನ್ಸರಾ?' ಎಂದು ಕೇಳಿದರೆ ಮಾತ್ರ ಸುಳ್ಳು ಹೇಳುವಂತಿಲ್ಲ. ಈ ಗೆರೆಯನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು.

ನಮ್ಮ ಕಾರ್ಯಕ್ರಮ ಕೆಲಸ ಮಾಡ್ತಿದೆ ಅಂತ ಗೊತ್ತಾಗೋದು ಹೇಗೆ?

'ಪಾಠ ಇಷ್ಟವಾಯಿತೇ' ಎಂಬ ಫಾರಂ ತುಂಬಿಸಿ ಏನೂ ತಿಳಿಯದು. ಮೂರು ತಿಂಗಳಿಗೊಮ್ಮೆ ಹತ್ತು ಒಪ್ಪಿಗೆ ಮಾತುಕತೆಗಳನ್ನು, ರೋಗಿಯ ಅನುಮತಿ ಪಡೆದು, ಯಾರಾದರೂ ಪಕ್ಕದಲ್ಲಿ ಕೂತು ನೋಡಲಿ. ಎಷ್ಟರಲ್ಲಿ ರೋಗಿಯಿಂದ ತಿರುಗಿ ಹೇಳಿಸಿದರು ಎಂದು ಎಣಿಸಲಿ. ಎಷ್ಟು ರೌಂಡ್ಸ್‌ನಲ್ಲಿ ಪರದೆ ಎಳೆದರು ಎಂದು ನರ್ಸ್‌ಗಳು ಗುರುತು ಹಾಕಿಕೊಳ್ಳಲಿ. ತಪ್ಪುಗಳ ವರದಿ, ವಿದ್ಯಾರ್ಥಿಗಳ ದೂರು ಮೊದಲ ವರ್ಷ ಹೆಚ್ಚಿದರೆ ಗಾಬರಿ ಬೇಡ. ಮೊದಲು ನುಂಗಿಕೊಳ್ಳುತ್ತಿದ್ದದ್ದು ಈಗ ಬಾಯಿಗೆ ಬರುತ್ತಿದೆ. ಎರಡು ವರ್ಷ ಕಳೆದರೂ ದೂರಿನ ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇಲ್ಲವೆಂದರೆ, ಪೆಟ್ಟಿಗೆಯನ್ನು ಯಾರ ಕೊಠಡಿಯ ಎದುರು ನೇತುಹಾಕಿದ್ದಾರೆ ಎಂದು ಹೋಗಿ ನೋಡಿ.